ಹಾಗ್ವಾರ್ಟ್ಸಿನ ಹಬ್ಬ ಮತ್ತು ನಿಜದ ವಿಚ್‌ಗಳು

ಮಿನಿಯಾಪೊಲಿಸ್‌ಗೆ ಆನ್‌ಸೈಟ್ ಹೋಗಿದ್ದಾಗ ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬರು ಅಕ್ಟೋಬರ್ 31ಕ್ಕೆ ರಜೆ ಹಾಕಿದ್ದರು. ರಿಲೀಸ್ ತಲೆ ಮೇಲೆ ಕೂತಿತ್ತು. ಸ್ವಲ್ಪ ಮುಖ ಹುಳಿ ಮಾಡಿಕೊಂಡೇ "ಹ್ಯಾಲೋವೀನ್‌ಗೂ ರಜೆನಾ?" ಅಂತ ಕೇಳಿದೆ. "ಹ್ಯಾಲೋವೀನ್ ಅಲ್ಲ, ಸಾವಿನ್" ಅಂದರು. ನನಗೆ ಒಂದು ಕ್ಷಣ ಅವರು ಕನ್ನಡ ಮಾತಾಡಿದ ಹಾಗಾಯಿತು. ಸಂಹೈನ್ ಅಂತ ಓದುವ ಹಾಗೆ ಬರೆದು ಸಾವಿನ್ ಅಂತ ಹೇಳುವ ಐರಿಶ್ ಹೆಸರದು, ನಮ್ಮ ಸಾವಿಗೂ ಅದಕ್ಕೂ ನಂಟಿಲ್ಲ. ಆದರೆ ಹಬ್ಬ ಮಾತ್ರ ಸತ್ತವರದ್ದೇ. ಆ ರಾತ್ರಿ ಹೋದವರಿಗೆ ಅಂತ ಒಂದು ತಟ್ಟೆ ಬಡಿಸಿಡುತ್ತಾರಂತೆ. ನಮ್ಮ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವಲ್ಲ, ಹಾಗೆ.

ಅವರು ವಿಕ್ಕನ್ ಅಂತ ಗೊತ್ತಾಗಿದ್ದು ಅವತ್ತೇ. ಆ ಜೋಡಿ ನಗರಗಳಲ್ಲಿ ಇಂಥವರು ಎಷ್ಟಿದ್ದಾರೆ ಅಂದರೆ ತಮಾಷೆಗೆ ಅದನ್ನು ಪೇಗನಿಸ್ತಾನ್ ಅಂತ ಕರೆಯುತ್ತಾರೆ. ಒಬ್ಬ ದೇವಿ, ಕೊಂಬಿರುವ ಒಬ್ಬ ದೇವರು, ಸೂರ್ಯನ ನಡೆ ಹಿಡಿದು ವರ್ಷಕ್ಕೆ ಎಂಟು ಹಬ್ಬ, ಯಾರಿಗೂ ಕೆಡುಕು ಮಾಡಬೇಡ ಅನ್ನೋ ಒಂದು ನಿಯಮ. ವಿಕ್ಕಾ ಅಂದರೆ ಮೇಲ್ನೋಟಕ್ಕೆ ಇಷ್ಟು. ತಮ್ಮನ್ನು ವಿಚ್ ಅಂತ ಕರೆದುಕೊಳ್ಳೋಕೆ ಅವರಲ್ಲಿ ಹೆಚ್ಚಿನವರಿಗೆ ಸಂಕೋಚ ಇಲ್ಲ.

ನಾನು ಹ್ಯಾರಿ ಪಾಟರ್ ಓದಿದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ಫುಟ್‌ಪಾತಿನ ಪೈರೇಟೆಡ್ ಪ್ರತಿ, ಪಕ್ಕದಲ್ಲಿ ಡಿಕ್ಷನರಿ. ಕನ್ನಡ ಮೀಡಿಯಮ್ಮಿನವನಿಗೆ ಇಂಗ್ಲಿಷ್ ಕಲಿಸಿದ್ದೇ ಆ ಏಳು ಪುಸ್ತಕ. ಹಾಗಾಗಿ ಪೆದ್ದನ ಹಾಗೆ ಕೇಳಿಬಿಟ್ಟೆ: "ಹಾಗಾದ್ರೆ ನಿಮಗೆ ಹ್ಯಾರಿ ಪಾಟರ್ ತುಂಬಾ ಇಷ್ಟ ಇರಬೇಕಲ್ವಾ?" ಅವರು ನಕ್ಕರು. "ನನ್ನ ಮಗಳಿಗೆ ಪ್ರಾಣ. ನನಗೆ ಅದರಲ್ಲಿ ಹಬ್ಬ ಸರಿಯಿಲ್ಲ."

ಹಬ್ಬ ಸರಿಯಿಲ್ಲ! ಈ ಪುಸ್ತಕಗಳ ಮೇಲೆ ನೂರೆಂಟು ವಿಮರ್ಶೆ ಓದಿದ್ದೆ, ಇದನ್ನು ಯಾರೂ ಹೇಳಿರಲಿಲ್ಲ. ವಾಪಸ್ ಬಂದ ಮೇಲೆ ಮತ್ತೆ ಏಳೂ ಪುಸ್ತಕ ಓದಿದೆ. ಹೌದು ಮಾರಾಯ್ರೇ. ಹ್ಯಾರಿಯ ಅಪ್ಪ-ಅಮ್ಮ ಸತ್ತಿದ್ದು 1981ರ ಅಕ್ಟೋಬರ್ 31ರಂದು. ಆ ದಿನ ಹಾಗ್ವಾರ್ಟ್ಸಿನಲ್ಲಿ ಪ್ರತಿವರ್ಷ ಔತಣ. ದೊಡ್ಡ ದೊಡ್ಡ ಕುಂಬಳಕಾಯಿ, ಬಾವಲಿ, ಬಂಗಾರದ ತಟ್ಟೆ. ಒಂದು ವರ್ಷ ಟ್ರೋಲ್ ನುಗ್ಗುತ್ತದೆ, ಇನ್ನೊಂದು ವರ್ಷ ಸಿರಿಯಸ್ ನುಗ್ಗುತ್ತಾನೆ. ಹುಡುಗ ಮಾತ್ರ ಒಂದು ಸಲವೂ ಇವತ್ತು ನನ್ನ ಅಮ್ಮ ಹೋದ ದಿನ ಅಂತ ತುತ್ತು ಕೆಳಗಿಟ್ಟದ್ದು ಕಾಣೆ. ಕೊನೆಗೂ ಅವನು ಅವರ ಸಮಾಧಿ ಮುಂದೆ ನಿಂತು ಅಳುವುದು ಏಳನೇ ಪುಸ್ತಕದಲ್ಲಿ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಹಿಮ ಬಿದ್ದಿರುವಾಗ, ಪಕ್ಕದ ಚರ್ಚಿನಿಂದ ಹಾಡು ಕೇಳುತ್ತಿರುವಾಗ. ಆ ಸಮಾಧಿಗಳ ಮೇಲಿರೋದು ಬೈಬಲ್ಲಿನ ಮಾತು. ಅಂದರೆ ಲೋಕವೆಲ್ಲ ಮಾಟದ್ದು ಅಂತ ಬೊಬ್ಬೆ ಹೊಡೆದ ಪುಸ್ತಕದಲ್ಲಿ ಸತ್ತವರನ್ನು ನೆನೆಯೋ ಕೆಲಸ ಬಂದಾಗ ರೌಲಿಂಗ್ ಅದನ್ನು ಕೊಟ್ಟಿದ್ದು ಕ್ರಿಸ್‌ಮಸ್‌ಗೆ. ಸಾವಿನ್‌ಗೆ ಸಿಕ್ಕಿದ್ದು ಕುಂಬಳಕಾಯಿ ಜ್ಯೂಸು.

ಪೇಗನ್ನರ ಮುಖ್ಯ ತಕರಾರಿನ ಬೇರು ಇಲ್ಲೇ ಇದೆ ಅಂತ ನನಗನ್ನಿಸೋದು. ಹಾಗ್ವಾರ್ಟ್ಸಿನಲ್ಲಿ ದೇವರಿಲ್ಲ, ದೇವಿಯಿಲ್ಲ, ಪೂಜೆಯಿಲ್ಲ. ಅಲ್ಲಿಯ ಮ್ಯಾಜಿಕ್ ಹುಟ್ಟಿನಿಂದ ಬರಬೇಕು, ಆಮೇಲೆ ಸರಿಯಾದ ಲ್ಯಾಟಿನ್ ಶಬ್ದ, ಸರಿಯಾದ ಮಣಿಕಟ್ಟಿನ ತಿರುವು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ ಅದೊಂದು ಎಪಿಐ: ಪರ್ಮಿಶನ್ ಇದ್ದು ಸಿಂಟ್ಯಾಕ್ಸ್ ಸರಿಯಿದ್ದರೆ ರಿಸಲ್ಟ್ ಬರುತ್ತದೆ, ಉಚ್ಚಾರಣೆ ತಪ್ಪಿದರೆ ಎರರ್. ಕೊಟ್ಟವರು ಯಾರು ಅಂತ ಯಾರೂ ಕೇಳೋದಿಲ್ಲ. ವಿಕ್ಕನ್ನರ ಮಾಟ ನನಗೆ ಅರ್ಥವಾದ ಮಟ್ಟಿಗೆ ನಮ್ಮಮ್ಮ ಹರಕೆ ಹೊರೋದಕ್ಕೆ ಹತ್ತಿರ. ದಿನ ನೋಡಬೇಕು, ಮನಸ್ಸು ನಿಲ್ಲಬೇಕು, ಕೇಳಿದ್ದು ಬಂದರೂ ಬರದಿದ್ದರೂ ಒಪ್ಪಬೇಕು, ಇನ್ನೊಬ್ಬರಿಗೆ ಕೇಡು ಬಯಸಿದರೆ ಮೂರು ಪಟ್ಟು ನಿನಗೇ ತಿರುಗುತ್ತದೆ ಅನ್ನೋ ಭಯ ಇರಬೇಕು. ಅಂಥವರಿಗೆ ಕಾರಿಡಾರಿನಲ್ಲಿ ಒಬ್ಬರಿಗೊಬ್ಬರು ಶಾಪ ಎಸೆದುಕೊಂಡು ನಗುವ ಮಕ್ಕಳನ್ನು ನೋಡಿದರೆ ಹೇಗನಿಸಬೇಡ? ಭವಿಷ್ಯ ಹೇಳೋ ಟ್ರೆಲಾನಿ ಮೇಡಂ ಅಂತೂ ಪುಸ್ತಕದ ತುಂಬ ನಗೆಪಾಟಲು. ಟ್ಯಾರೋ ಕಾರ್ಡನ್ನು ಗಂಭೀರವಾಗಿ ಓದುವವರಿಗೆ ಅದು ನೇರ ಚುಚ್ಚುತ್ತದೆ.

ಇನ್ನೊಂದು ಕಡೆ ನೋಡಿ. ಅಮೆರಿಕದ ಲೈಬ್ರರಿ ಸಂಘದ ಪಟ್ಟಿಯಲ್ಲಿ 2000ದಿಂದ 2009ರವರೆಗಿನ ದಶಕದಲ್ಲಿ ಅತಿ ಹೆಚ್ಚು ಆಕ್ಷೇಪ ಎದುರಿಸಿದ್ದು ಇದೇ ಸರಣಿ. 2001ರ ಡಿಸೆಂಬರಿನಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೋರ್ಡೊದಲ್ಲಿ ಒಂದು ಚರ್ಚಿನವರು ಇದನ್ನು ಬೆಂಕಿಗೂ ಹಾಕಿದರು. ಇದು ಮಕ್ಕಳನ್ನು ವಿಕ್ಕಾಗೆ ಸೆಳೆಯುವ ಬಲೆ ಅನ್ನೋದು ಆರೋಪ. ದಿ ಆನಿಯನ್ ಅನ್ನೋ ತಮಾಷೆ ಪತ್ರಿಕೆ 2000ದಲ್ಲಿ ಪಾಟರ್ ಓದಿ ಮಕ್ಕಳು ಸೈತಾನನ ಭಕ್ತರಾಗುತ್ತಿದ್ದಾರೆ ಅಂತ ಸುಳ್ಳು ಸುದ್ದಿ ಬರೆದರೆ, ಅದನ್ನೇ ನಿಜ ಅಂತ ನಂಬಿ ಇಮೇಲಿನಲ್ಲಿ ಫಾರ್ವರ್ಡ್ ಮಾಡಿದರು. (ವಾಟ್ಸ್ಯಾಪಿಗಿಂತ ಮೊದಲೂ ಮನುಷ್ಯ ಹೀಗೇ ಇದ್ದ.) ಅದೇ ಹೊತ್ತಿಗೆ ಬ್ರಿಟನ್ನಿನ ಪೇಗನ್ ಫೆಡರೇಶನ್‌ಗೆ ಹದಿಹರೆಯದವರ ಪತ್ರಗಳು ಹೆಚ್ಚಾಗಿ, ಉತ್ತರ ಕೊಡೋಕೆ ಅಂತಲೇ ಒಬ್ಬರನ್ನು ನೇಮಿಸಿಕೊಂಡಿತು. ಅದೂ ಆರೋಪಕ್ಕೆ ಸಾಕ್ಷಿಯಾಯಿತು. ಪೇಗನ್ನರ ಸ್ಥಿತಿ ವಿಚಿತ್ರ: ತಮ್ಮ ಧರ್ಮದ ಒಂದು ಅಕ್ಷರವೂ ಇಲ್ಲದ ಪುಸ್ತಕಕ್ಕೆ ಬೈಗುಳ ತಿನ್ನೋದು ಅವರು. ಕ್ರಿಶ್ಚಿಯನ್ನರು ಇದು ಥೇಟ್ ವಿಕ್ಕಾ ಅಂತಾರೆ, ವಿಕ್ಕನ್ನರು ಅಲ್ಲವೇ ಅಲ್ಲ ಅಂತಾರೆ, ಬರೆದಾಕೆ ನನಗೆ ಮಾಟದಲ್ಲಿ ನಂಬಿಕೆಯೇ ಇಲ್ಲ ಅಂತ ಹೇಳಿ ಕೈತೊಳೆದುಕೊಂಡಿದ್ದಾರೆ.

ಹಾಗಂತ ಪೇಗನ್ನರು ಹೇಳಿದ್ದೆಲ್ಲ ಒಪ್ಪೋಕಾಗಲ್ಲ. "ಇದು ನಿಜವಾದ ಮ್ಯಾಜಿಕ್ ಅಲ್ಲ, ಬರೀ ಕತೆ" ಅಂತ ಮೂಗು ಮುರಿಯುವವರು ತಮ್ಮ ಮನೆಯ ಇತಿಹಾಸ ಸ್ವಲ್ಪ ನೋಡಿಕೊಳ್ಳಬೇಕು. ವಿಕ್ಕಾವನ್ನು ಹೊರಲೋಕಕ್ಕೆ ತಂದ ಜೆರಾಲ್ಡ್ ಗಾರ್ಡ್ನರ್ ಮಲಯದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿದ್ದು ನಿವೃತ್ತನಾದ ಮನುಷ್ಯ. ವಿಚ್‌ಗಳ ವಿಷಯ ಅವನು ಮೊದಲು ಅಚ್ಚು ಹಾಕಿಸಿದ್ದು 1949ರಲ್ಲಿ, 'ಹೈ ಮ್ಯಾಜಿಕ್ಸ್ ಏಯ್ಡ್' ಅನ್ನೋ ಪುಸ್ತಕದಲ್ಲಿ. ಅದು ಏನು ಗೊತ್ತಾ? ಕಾದಂಬರಿ! ಬ್ರಿಟನ್ನಿನಲ್ಲಿ 1735ರ ವಿಚ್‌ಕ್ರಾಫ್ಟ್ ಕಾಯಿದೆ ಇನ್ನೂ ಜೀವಂತ ಇತ್ತು, ಅದು ರದ್ದಾಗಿದ್ದು 1951ರಲ್ಲಿ. ನೇರವಾಗಿ ಬರೆದ 'ವಿಚ್‌ಕ್ರಾಫ್ಟ್ ಟುಡೇ' ಬಂದಿದ್ದು 1954ರಲ್ಲಿ. ಇದು ಶಿಲಾಯುಗದಿಂದ ಬಂದ ಧರ್ಮ ಅನ್ನೋ ಮಾತಿಗೆ ಬೆನ್ನೆಲುಬಾಗಿದ್ದ ಮಾರ್ಗರೆಟ್ ಮರ್ರಿಯ ಸಿದ್ಧಾಂತವನ್ನು ಇತಿಹಾಸಕಾರರು ಕೈಬಿಟ್ಟು ಎಷ್ಟೋ ಕಾಲವಾಯಿತು. ಅಮೆರಿಕದ ಚರ್ಚ್ ಆಫ್ ಆಲ್ ವರ್ಲ್ಡ್ಸ್ ಅನ್ನೋ ಪೇಗನ್ ಪಂಥವಂತೂ ಹೈನ್‌ಲೈನ್ 1961ರಲ್ಲಿ ಬರೆದ ಸೈನ್ಸ್ ಫಿಕ್ಷನ್ ಕಾದಂಬರಿಯಿಂದ ಹೆಸರನ್ನೂ ಆಚರಣೆಯನ್ನೂ ಎತ್ತಿಕೊಂಡು ಶುರುವಾದದ್ದು. ಅದರ ಸ್ಥಾಪಕರಲ್ಲೊಬ್ಬರಾದ ಓಬೆರಾನ್ ಜೆಲ್ 2004ರಲ್ಲಿ ಗ್ರೇ ಸ್ಕೂಲ್ ಆಫ್ ವಿಝಾರ್ಡ್ರಿ ಅಂತ ಆನ್‌ಲೈನ್ ಶಾಲೆ ತೆರೆದರು. ಹಾಗ್ವಾರ್ಟ್ಸಿನ ಹಾಗೇ ಹೌಸುಗಳು, ಮಾರ್ಕುಗಳು! ಕತೆಯಿಂದ ಧರ್ಮ ಹುಟ್ಟೋದು ಅವರಲ್ಲಿ ಅವಮಾನದ ವಿಷಯವೇ ಅಲ್ಲ. ನನಗೆ ಇದು ಗೇಲಿ ಅನ್ನಿಸೋದಿಲ್ಲ. ನಮ್ಮೂರಲ್ಲೂ ಯಕ್ಷಗಾನದ ದೇವಿಗೆ ಜನ ಎದ್ದು ನಿಂತು ಕೈ ಮುಗಿಯುತ್ತಾರೆ, ವೇಷದ ಒಳಗೆ ಯಾರಿದ್ದಾರೆ ಅಂತ ಚೆನ್ನಾಗಿ ಗೊತ್ತಿದ್ದೂ.

ಆದರೆ ಒಂದು ವಿಷಯದಲ್ಲಿ ನಾನು ಪೂರ್ತಿ ಅವರ ಪಕ್ಷ.

ಮೂರನೇ ಪುಸ್ತಕ ಶುರುವಾಗೋದು ಹ್ಯಾರಿಯ ಹೋಮ್‌ವರ್ಕಿನಿಂದ. ಹದಿನಾಲ್ಕನೇ ಶತಮಾನದಲ್ಲಿ ವಿಚ್‌ಗಳನ್ನು ಸುಟ್ಟದ್ದು ವ್ಯರ್ಥ ಅಂತ ಪ್ರಬಂಧ ಬರೆಯಬೇಕು. ಯಾಕೆ ವ್ಯರ್ಥ ಅಂದರೆ ನಿಜವಾದ ವಿಚ್‌ಗಳು ಒಂದು ಮಂತ್ರ ಹಾಕಿ ಬೆಂಕಿಯನ್ನು ತಣ್ಣಗೆ ಮಾಡಿಕೊಂಡು ಸುಮ್ಮನೆ ಕಿರುಚುವ ನಾಟಕ ಆಡುತ್ತಿದ್ದರಂತೆ. ವೆಂಡಲಿನ್ ಅನ್ನೋಳಿಗೆ ಆ ಕಚಗುಳಿ ಎಷ್ಟು ಇಷ್ಟ ಆಯಿತೆಂದರೆ ವೇಷ ಬದಲಿಸಿಕೊಂಡು 47 ಸಲ ಬೇಕಂತಲೇ ಸಿಕ್ಕಿಬಿದ್ದಳಂತೆ. ಹಾಸ್ಟೆಲಿನಲ್ಲಿ ಓದುವಾಗ ನಾನೂ ನಕ್ಕಿದ್ದೆ. ದೊಡ್ಡ ಬೇಟೆ ನಡೆದದ್ದು ಹದಿನಾಲ್ಕನೇ ಶತಮಾನದಲ್ಲೂ ಅಲ್ಲ. ಅದು ಹೆಚ್ಚಾಗಿ ಹದಿನಾರು, ಹದಿನೇಳನೇ ಶತಮಾನದ್ದು. ಸತ್ತವರು ನಲವತ್ತರಿಂದ ಅರವತ್ತು ಸಾವಿರ ಅಂತ ಇತಿಹಾಸಕಾರರ ಅಂದಾಜು. (ತೊಂಬತ್ತು ಲಕ್ಷ ಅಂತ ಪೇಗನ್ನರಲ್ಲಿ ಬಹಳ ಕಾಲ ಓಡಾಡಿದ ಲೆಕ್ಕ ಶುದ್ಧ ಸುಳ್ಳು. ಅದನ್ನೂ ಹೇಳಬೇಕು.) ಇಂಗ್ಲೆಂಡಿನಲ್ಲಿ ನೇಣು ಹಾಕಿದರು, ಸ್ಕಾಟ್ಲೆಂಡಿನಲ್ಲಿ ಕತ್ತು ಹಿಸುಕಿ ಸುಟ್ಟರು, 1692ರಲ್ಲಿ ಅಮೆರಿಕದ ಸೇಲಂನಲ್ಲಿ 19 ಜನರನ್ನು ನೇಣಿಗೇರಿಸಿದರು, ಇನ್ನೊಬ್ಬನನ್ನು ಕಲ್ಲು ಹೇರಿ ಕೊಂದರು. ಇವರಲ್ಲಿ ಯಾರೂ ಮಂತ್ರ ಬಲ್ಲವರಲ್ಲ. ಹೆಚ್ಚಿನವರು ಹೆಂಗಸರು, ಅದರಲ್ಲೂ ಎಷ್ಟೋ ಜನ ವಯಸ್ಸಾದವರು, ಬಡವರು. ರೌಲಿಂಗ್‌ರ ಆ ಜೋಕಿನ ಪ್ರಕಾರ ನಿಜವಾದ ವಿಚ್ ಆಗಿದ್ದರೆ ಬದುಕುತ್ತಿದ್ದಳು. ಹಾಗಾದರೆ ಬೆಂದುಹೋದವಳು ಯಾರು? ಆ ಪ್ರಬಂಧದಲ್ಲಿ ಅವಳ ವಿಷಯಕ್ಕೆ ಒಂದು ಸಾಲೂ ಇಲ್ಲ.

ನಮ್ಮ ಕೇರಿಯ ತುದಿಯಲ್ಲಿ ಒಬ್ಬ ಅಜ್ಜಿ ಇದ್ದರು. ಮಕ್ಕಳಿರಲಿಲ್ಲ, ಗಂಡ ಹೋಗಿದ್ದರು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಅಷ್ಟು ಸಾಕಾಯ್ತು ಜನಕ್ಕೆ. ಯಾರದೋ ಎಮ್ಮೆ ಹಾಲು ಬತ್ತಿದರೆ ಅವರ ಕಣ್ಣು, ಮಗುವಿಗೆ ಜ್ವರ ಬಂದರೆ ಅವರ ಕಣ್ಣು. ನಾವು ಹುಡುಗರು ಅವರು ಕೊಟ್ಟ ಪೇರಳೆ ಹಣ್ಣನ್ನು ಎದುರಿಗೆ ಇಸ್ಕೊಂಡು, ತಿರುವು ದಾಟಿದ ಮೇಲೆ ಗದ್ದೆಗೆ ಎಸೆಯುತ್ತಿದ್ದೆವು. ನಾನೂ ಎಸೆದಿದ್ದೇನೆ. ಯಾರೂ ಅವರನ್ನು ಹೊಡೆಯಲಿಲ್ಲ, ಬಡಿಯಲಿಲ್ಲ. ಸುಮ್ಮನೆ ಯಾರೂ ಅವರ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ, ಅಷ್ಟೇ.

ಹಾಗಾಗಿ ಆ ಟೆಸ್ಟಿಂಗ್ ಮೇಡಂ ಹೇಳಿ ಓದಿಸಿದ ಎರಡು ಪುಸ್ತಕಗಳ ಬಗ್ಗೆ ಬರೆಯದೆ ಮುಗಿಸೋಕಾಗಲ್ಲ. ಒಂದು ಮೋನಿಕಾ ಫರ್ಲಾಂಗ್ 1987ರಲ್ಲಿ ಬರೆದ 'ವೈಸ್ ಚೈಲ್ಡ್'. ಊರಾಚೆ ಇರುವ ಜುನಿಪರ್ ಅನ್ನೋ ಹೆಂಗಸು ದಿಕ್ಕಿಲ್ಲದ ಹುಡುಗಿಯೊಬ್ಬಳನ್ನು ಸಾಕಿ ಗಿಡಮೂಲಿಕೆ, ಹಾಲು ಕರೆಯೋದು, ಗುಡಿಸೋದು ಎಲ್ಲ ಕಲಿಸುತ್ತಾಳೆ, ಮಾಟ ಅದರ ಮಧ್ಯೆ ಎಲ್ಲೋ ಸೇರಿಕೊಂಡಿರುತ್ತದೆ. ಪೇಗನ್ ಓದುಗರು ಇದನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ತಮಾಷೆ ಅಂದರೆ ಬರೆದವರು ಕ್ರಿಶ್ಚಿಯನ್, ಹೆಂಗಸರಿಗೂ ಪಾದ್ರಿ ಪಟ್ಟ ಕೊಡಬೇಕು ಅಂತ ಹೋರಾಡಿದವರು. ಇನ್ನೊಂದು ಟೆರ್ರಿ ಪ್ರ್ಯಾಚೆಟ್‌ರ 'ದಿ ವೀ ಫ್ರೀ ಮೆನ್', 2003ರದ್ದು. ಪ್ರ್ಯಾಚೆಟ್‌ಗೆ ಯಾವ ದೇವರಲ್ಲೂ ನಂಬಿಕೆ ಇರಲಿಲ್ಲ. ಕತೆಯಲ್ಲಿ ಒಂಬತ್ತು ವರ್ಷದ ಟಿಫನಿ ವಿಚ್ ಆಗಬೇಕು ಅಂತ ತೀರ್ಮಾನಿಸುತ್ತಾಳೆ. ಕಾರಣ ಕೋಲಿನ ಆಸೆ ಅಲ್ಲ. ಊರ ದೊರೆಯ ಮಗ ಕಾಣೆಯಾದಾಗ ಒಂಟಿ ಮುದುಕಿ ಸ್ನ್ಯಾಪರ್ಲಿಯೇ ಅವನನ್ನು ಒಲೆಯಲ್ಲಿ ಬೇಯಿಸಿದಳು ಅಂತ ಜನ ಅವಳ ಮನೆ ಹಾಳು ಮಾಡುತ್ತಾರೆ, ಅವಳು ಹಿಮದಲ್ಲಿ ಸಾಯುತ್ತಾಳೆ. ಟಿಫನಿ ಹೋಗಿ ಆ ಒಲೆ ನೋಡುತ್ತಾಳೆ. ಹುಡುಗ ಅದರೊಳಗೆ ಹಿಡಿಸೋದೇ ಇಲ್ಲ. ಇಂಥದ್ದು ಮತ್ತೆ ಆಗಬಾರದು ಅಂದರೆ ಊರಿಗೆ ಒಬ್ಬ ಗಟ್ಟಿ ವಿಚ್ ಇರಬೇಕು, ಆ ಕೆಲಸ ನಾನೇ ಮಾಡುತ್ತೇನೆ ಅನ್ನೋದು ಅವಳ ಲೆಕ್ಕ.

ವೆಂಡಲಿನ್‌ಳ 47 ಸಲದ ಪಕ್ಕದಲ್ಲಿ ಆ ಒಲೆಯನ್ನು ಇಟ್ಟು ನೋಡಿ. ನನ್ನ ಮಟ್ಟಿಗೆ ಪಾಟರ್ ದೊಡ್ಡ ಕತೆ, ಈಗಲೂ ರಾತ್ರಿ ಕೂತರೆ ಬೆಳಗಿನವರೆಗೆ ಓದಿಸಿಕೊಳ್ಳುತ್ತದೆ. ಆದರೆ ಏಳು ಪುಸ್ತಕ ಸೇರಿದರೂ ಆ ಒಲೆಯ ಒಂದು ಪ್ಯಾರಾದಷ್ಟು ಸುಟ್ಟವರ ಬಗ್ಗೆ ಅದಕ್ಕೆ ಕಾಳಜಿ ಇಲ್ಲ.

ಮಗಳಿಗೆ ಈಗ ಆರು ವರ್ಷ. ಟಿಫನಿ ಕತೆಯನ್ನು ರಾತ್ರಿ ಸ್ವಲ್ಪ ಸ್ವಲ್ಪ ಕನ್ನಡದಲ್ಲಿ ಹೇಳುತ್ತಿದ್ದೇನೆ. ವಿಚ್ ಅನ್ನೋದಕ್ಕೆ ಮಾಟಗಾತಿ ಅಂದರೆ ನನಗೆ ಆ ಪೊರೆ ಬಂದ ಕಣ್ಣು ನೆನಪಾಗುತ್ತದೆ, ಬಾಯಿಗೆ ಬರೋದಿಲ್ಲ. ಮಂತ್ರವಾದಿ ಅಂದರೆ ಗಂಡಸು. ಎರಡು ರಾತ್ರಿ "ಮದ್ದು ಗೊತ್ತಿರೋ ಅಮ್ಮ" ಅಂದೆ. ಮೂರನೇ ರಾತ್ರಿ ಅವಳೇ "ಅಪ್ಪಾ, ಅಷ್ಟುದ್ದ ಯಾಕೆ, ವಿಚ್ ಅನ್ನು ಸಾಕು" ಅಂದಳು.