ಇರಕಲ್ ಎಂದು ಹುಡುಕುವವರು

ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆಗೆ ಬಿಟ್ಟಿಯಾಗಿ ಕಟ್ಟಿಕೊಡುತ್ತಿದ್ದ ವೆಬ್‌ಸೈಟ್‌ಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿತು. ‘ಬಿಸಿನೆಸ್ ಡಾಟ್ ಸೈಟ್’ ಎಂದು ಮುಗಿಯುತ್ತಿದ್ದ ಆ ವಿಳಾಸಗಳನ್ನು ಒತ್ತಿದವರು ಜೂನ್ 10ರವರೆಗೆ ಅಂಗಡಿಯ ಗೂಗಲ್ ಪ್ರೊಫೈಲಿಗೆ ಹೋಗಿ ಮುಟ್ಟುತ್ತಿದ್ದರು. ಅದಾದ ಮೇಲೆ ‘ಪುಟ ಸಿಗಲಿಲ್ಲ’ ಎಂಬ ಉತ್ತರ. ಬೇಕರಿ, ಟೈಲರ್ ಅಂಗಡಿ, ನರ್ಸರಿ, ಲಾಡ್ಜು, ಯಾರು ಯಾರು ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿನ ಮೇಲೆ, ಬಟ್ಟೆ ಚೀಲದ ಮೇಲೆ, ಶಟರಿನ ಮೇಲೆ ಬರೆಸಿದ್ದರೋ ಅವರೆಲ್ಲರ ಬರಹ ಸುಳ್ಳಾಯಿತು. ಗೂಗಲ್ ಮುಂಚೆಯೇ ತಿಳಿಸಿತ್ತು ಅನ್ನಿ. ಬದಲಿಗೆ ವಿಕ್ಸ್, ಸ್ಕ್ವೇರ್‌ಸ್ಪೇಸ್, ಗೋಡ್ಯಾಡಿ, ಶಾಪಿಫೈ ಮುಂತಾದ ಹೆಸರುಗಳನ್ನೂ ಸೂಚಿಸಿತ್ತು. ಅವುಗಳಲ್ಲಿ ಹೆಚ್ಚಿನವು ದುಡ್ಡು ಕೇಳುವಂಥವು.

ಹೋದದ್ದು ಕೆಟ್ಟ ವಸ್ತುವಾಗಿರಲಿಲ್ಲ. ಸುಂದರ್ ಪಿಚೈ 2017ರ ಜನವರಿಯಲ್ಲಿ ದೆಹಲಿಗೆ ಬಂದು ಸಣ್ಣ ವ್ಯಾಪಾರಗಳ ತರಬೇತಿ ಯೋಜನೆಯ ಜೊತೆ ಇದನ್ನೂ ಘೋಷಿಸಿದಾಗ ಇದ್ದ ಆಸೆ ಸರಳವಾಗಿತ್ತು: ಕಂಪ್ಯೂಟರ್ ಮುಟ್ಟದವರೂ ಮೊಬೈಲಿನಲ್ಲೇ ಹತ್ತು ನಿಮಿಷದಲ್ಲಿ ಒಂದು ಪುಟ ಮಾಡಿಕೊಳ್ಳಲಿ. ಅಂಗಡಿಯ ಹೆಸರು, ಸಮಯ, ಫೋನ್ ನಂಬರು, ಮ್ಯಾಪು, ನಾಲ್ಕು ಫೋಟೋ ಎಲ್ಲವೂ ಪ್ರೊಫೈಲಿನಿಂದ ತಾವಾಗಿಯೇ ಬಂದು ಕೂರುತ್ತಿದ್ದವು. ಭಾರತೀಯ ಭಾಷೆಗಳೂ ಇದ್ದವು. ಪುಟ ಹಗುರವಾಗಿ ತೆರೆಯುತ್ತಿತ್ತು. ಭಾನುವಾರ ತೆರೆದಿದೆಯೋ ಇಲ್ಲವೋ ಎಂದು ನೋಡಲು ಬಂದ ಗಿರಾಕಿಗೆ ಅಷ್ಟು ಸಾಕು. ದೋಷ ಇದ್ದದ್ದು ಬೇರೆಡೆ. ಪ್ರೊಫೈಲಿನಲ್ಲಿ ಇಲ್ಲದ ಯಾವ ಹೊಸ ಮಾತನ್ನೂ ಆ ಪುಟ ಹೇಳುತ್ತಿರಲಿಲ್ಲ. ಹುಬ್ಬಳ್ಳಿಯ ಮಂಚದಂಗಡಿಗೂ ಉಡುಪಿಯ ಹೂವಿನಂಗಡಿಗೂ ಅದೇ ಅಚ್ಚು. ಇನ್ನು ವಿಳಾಸವಂತೂ ಅಂಗಡಿಯವರದ್ದಾಗಿರಲೇ ಇಲ್ಲ.

ಇದು ಹೊಸ ಕಥೆಯೂ ಅಲ್ಲ. 2011ರಲ್ಲಿ ಇದೇ ಗೂಗಲ್ ‘ಇಂಡಿಯಾ ಗೆಟ್ ಯುವರ್ ಬಿಸಿನೆಸ್ ಆನ್‌ಲೈನ್’ ಎಂಬ ಅಭಿಯಾನ ನಡೆಸಿ ಸಣ್ಣ ವ್ಯಾಪಾರಿಗಳಿಗೆ ಒಂದು ವರ್ಷದ ಮಟ್ಟಿಗೆ ಡಾಟ್ ಇನ್ ವಿಳಾಸ ಮತ್ತು ವೆಬ್‌ಸೈಟನ್ನು ಬಿಟ್ಟಿಯಾಗಿ ಕೊಡಿಸಿತ್ತು. ಎರಡನೇ ವರ್ಷದಿಂದ ಬಿಲ್ಲು. ಅದಕ್ಕೂ ಹಿಂದೆ, ಯಾಹೂ ಕೊಂಡುಕೊಂಡಿದ್ದ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿ ಲಕ್ಷಾಂತರ ಪುಟಗಳನ್ನು ನುಂಗಿಕೊಂಡಿತು. ಬಿಟ್ಟಿ ಜಾಗ ಕೊಡುವವರ ದಾನಬುದ್ಧಿಯನ್ನು ಅನುಮಾನಿಸಬೇಕಿಲ್ಲ. ಅವರ ಲೆಕ್ಕಪುಸ್ತಕದಲ್ಲಿ ಆ ಜಾಗ ಎಷ್ಟು ವರ್ಷ ಉಳಿಯಬಲ್ಲದು ಎಂಬುದನ್ನಷ್ಟೇ ನೋಡಬೇಕು.

ಹುಡುಕಾಟದಲ್ಲಿ ಕಾಣಿಸಿಕೊಳ್ಳುವ ವಿಷಯಕ್ಕೆ ಬಂದರೆ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ಸರ್ಚ್ ಎಂಜಿನ್ ನೆನಪಿಟ್ಟುಕೊಳ್ಳುವುದು ಅಂಗಡಿಯನ್ನಲ್ಲ, ವಿಳಾಸವನ್ನು. ಯಾವುದೋ ಪತ್ರಿಕೆ ನಿಮ್ಮ ಬಗ್ಗೆ ಬರೆದು ಕೊಟ್ಟ ಕೊಂಡಿ, ಊರಿನ ಪ್ರವಾಸಿ ಪುಟದ ಪಟ್ಟಿಯಲ್ಲಿ ಸಿಕ್ಕ ಒಂದು ಸಾಲು, ಇವೆಲ್ಲ ಆ ವಿಳಾಸದ ಖಾತೆಗೆ ವರ್ಷಗಟ್ಟಲೆ ಜಮೆಯಾಗುತ್ತವೆ. ವಿಳಾಸ ಬದಲಾದರೆ ಹಳೆಯದರಿಂದ ಹೊಸದಕ್ಕೆ ಶಾಶ್ವತ ದಾರಿ ತೋರಿಸಬೇಕು. ಆಗ ಮಾತ್ರ ಜಮೆ ವರ್ಗವಾಗುತ್ತದೆ. ಹೆಚ್ಚಿನ ಉಚಿತ ಯೋಜನೆಗಳಲ್ಲಿ ಆ ಹಕ್ಕು ನಿಮ್ಮ ಕೈಯಲ್ಲಿರುವುದಿಲ್ಲ. ಜಾತ್ರೆಯಲ್ಲಿ ಹಾಕಿದ ಅಂಗಡಿಯ ಹಾಗೆ, ಜನ ಬಂದದ್ದು ನಿಜ, ವ್ಯಾಪಾರವಾದದ್ದೂ ನಿಜ, ಮುಂದಿನ ತಿಂಗಳು ಹುಡುಕಿಕೊಂಡು ಬಂದವರಿಗೆ ಬಯಲು.

ಹಾಗಾಗಿ ನನ್ನ ತಕರಾರು ಬಿಟ್ಟಿ ಉಪಕರಣದ ಬಗ್ಗೆ ಅಲ್ಲ, ಬಿಟ್ಟಿ ವಿಳಾಸದ ಬಗ್ಗೆ. ವಿಕ್ಸ್‌ನ ಉಚಿತ ಯೋಜನೆ ನೋಡಲು ಚಂದ, ಆದರೆ ತಲೆಯ ಮೇಲೆ ಅದರದೇ ಜಾಹೀರಾತು, ಸ್ವಂತ ವಿಳಾಸ ಜೋಡಿಸಬೇಕೆಂದರೆ ಹಣ. ವರ್ಡ್‌ಪ್ರೆಸ್ ಡಾಟ್ ಕಾಮ್‌ನದೂ ಹೆಚ್ಚುಕಡಿಮೆ ಅದೇ ಪಾಡು. ಗೂಗಲ್ ಸೈಟ್ಸ್ ಸ್ವಂತ ವಿಳಾಸಕ್ಕೆ ಒಪ್ಪುತ್ತದೆ, ಹುಡುಕಾಟದ ಫಲಿತಾಂಶದಲ್ಲಿ ಕಾಣುವ ವಿವರಣೆಯ ಸಾಲನ್ನು ಬರೆಯಲು ಬಿಡುವುದಿಲ್ಲ. ಫ್ಯಾಷನ್ ಕಳೆದುಕೊಂಡ ಬ್ಲಾಗರ್ ಇವರೆಲ್ಲರ ನಡುವೆ ನನಗೆ ವಾಸಿ ಅನ್ನಿಸುತ್ತದೆ. 1999ರಲ್ಲಿ ಹುಟ್ಟಿ 2003ರಲ್ಲಿ ಗೂಗಲ್ ಪಾಲಾದ ಇದು ಸ್ವಂತ ವಿಳಾಸವನ್ನು ಶುಲ್ಕವಿಲ್ಲದೆ ಜೋಡಿಸಿಕೊಳ್ಳುತ್ತದೆ, ಸುರಕ್ಷಿತ ಸಂಪರ್ಕದ ಬೀಗವನ್ನೂ ಕೊಡುತ್ತದೆ, ಪ್ರತಿ ಪುಟಕ್ಕೂ ಹುಡುಕಾಟದ ವಿವರಣೆ ಬರೆಯಲು ಅವಕಾಶವಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ನಾವೇ ಆನ್ ಮಾಡಬೇಕು, ಅಷ್ಟೆ. ಲೇಖನಗಳ ವಿಳಾಸದಲ್ಲಿ ವರ್ಷ-ತಿಂಗಳು ತುರುಕುವ ಅದರ ಚಟ ಅಂಗಡಿಗೆ ಒಪ್ಪದು; ವಸ್ತುಗಳ ವಿವರವನ್ನು ‘ಪುಟ’ಗಳಾಗಿ ಹಾಕಿದರೆ ಅದೂ ತಪ್ಪುತ್ತದೆ. ನಾಳೆ ಬ್ಲಾಗರ್ ಕೂಡ ಮುಚ್ಚಬಹುದು. ಮುಚ್ಚಲಿ. ವಿಳಾಸ ನಿಮ್ಮದಾಗಿದ್ದರೆ ಅದನ್ನು ಬೇರೆಡೆಗೆ ತಿರುಗಿಸಬಹುದು.

ಡಾಟ್ ಇನ್ ವಿಳಾಸಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಕೆಲವು ನೂರು ರೂಪಾಯಿ. ಅದನ್ನು ವೆಬ್‌ಸೈಟ್ ಮಾಡಿಕೊಡುವ ಹುಡುಗನ ಹೆಸರಿನಲ್ಲಲ್ಲ, ನಿಮ್ಮ ಹೆಸರು ನಿಮ್ಮ ಇಮೇಲಿನಲ್ಲೇ ಕೊಳ್ಳಬೇಕು. ಕನ್ನಡ ಲಿಪಿಯ ‘ಡಾಟ್ ಭಾರತ’ ವಿಳಾಸವೂ ಉಂಟು. ಮನಸ್ಸಿಗೆ ಹಿತ. ವ್ಯಾಪಾರಕ್ಕೆ ಅದೊಂದನ್ನೇ ನಂಬಿಕೊಳ್ಳಿ ಎಂದು ಮಾತ್ರ ನಾನು ಹೇಳಲಾರೆ, ಫೋನಿನಲ್ಲಿ ಅಕ್ಷರ ಅಕ್ಷರ ಹೇಳಿ ಬರೆಸುವಾಗ ಅದರ ಕಷ್ಟ ಗೊತ್ತಾಗುತ್ತದೆ.

ಇನ್ನು ಕಾಣಿಸಿಕೊಳ್ಳುವ ಕಲೆ. ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿಯನ್ನು ಊಹಿಸಿಕೊಳ್ಳಿ. ಪುಟದ ಶೀರ್ಷಿಕೆ ‘ಹೋಮ್’. ಕೆಳಗೆ ‘ಗುಣಮಟ್ಟವೇ ನಮ್ಮ ಮಂತ್ರ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ’. ಅದರ ಕೆಳಗೆ ಹಬ್ಬದ ರಿಯಾಯಿತಿಯ ಪೋಸ್ಟರ್, ಸೀರೆಯ ಬೆಲೆ, ಬಣ್ಣ, ಅಳತೆ ಎಲ್ಲವೂ ಆ ಚಿತ್ರದೊಳಗೆ. ನೋಡುವ ಕಣ್ಣಿಗೆ ಪುಟ ತುಂಬಿದೆ. ಸರ್ಚ್ ಎಂಜಿನ್ನಿಗೆ ಹೆಚ್ಚುಕಡಿಮೆ ಖಾಲಿ. ಚಿತ್ರದೊಳಗಿನ ಅಕ್ಷರವನ್ನು ಅದು ನಂಬಿಕೊಂಡು ಓದುವುದಿಲ್ಲ. ‘ಗುಣಮಟ್ಟವೇ ಮಂತ್ರ’ ಎಂದು ಯಾವ ಹೆಂಗಸೂ ಹುಡುಕುವುದಿಲ್ಲ. ಅವಳು ಹುಡುಕುವುದು ತೋಪು ತೆನಿ ಸೆರಗು, ಗೋಮಿ ದಡಿ, ಚಿಕ್ಕಿ ದಡಿ, ಕಸೂತಿ ಮಾಡಿದ್ದು, ಒಂಬತ್ತು ಗಜದ್ದು, ಹತ್ತಿಯದೋ ರೇಷ್ಮೆಯದೋ ಎಂದು. ಅಂಗಡಿಯ ಗಲ್ಲಾದ ಮುಂದೆ ದಿನವೂ ಕೇಳಿಬರುವ ಮಾತುಗಳಿವು. ಪುಟಕ್ಕೆ ಬರುವಷ್ಟರಲ್ಲಿ ಇವೇ ಮಾಯವಾಗಿರುತ್ತವೆ, ಏಕೆಂದರೆ ಬರೆಯುವ ಕೆಲಸವನ್ನು ಸೀರೆ ಗೊತ್ತಿಲ್ಲದವರಿಗೆ ವಹಿಸಿರುತ್ತಾರೆ.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮಹಾರಾಷ್ಟ್ರದಲ್ಲಿ ಈ ಸೀರೆಗೆ ಒಳ್ಳೆಯ ಗಿರಾಕಿ ಇದೆ. ಅಲ್ಲಿ ಅದರ ಹೆಸರು ಇರಕಲ್, ಇರಕಲಿ. ಸೊಲ್ಲಾಪುರದಿಂದ, ಪುಣೆಯಿಂದ ಹುಡುಕುವವರು ಇರಕಲ್ ಎಂದೇ ಹುಡುಕುತ್ತಾರೆ. ಇಳಕಲ್ಲಿನ ಎಷ್ಟು ಪುಟಗಳಲ್ಲಿ ಆ ಹೆಸರು ಒಂದು ಬಾರಿಯಾದರೂ ಇದ್ದೀತು? ‘ಮಹಾರಾಷ್ಟ್ರದಲ್ಲಿ ಇರಕಲ್ ಎಂದು ಕರೆಯುವ ಸೀರೆ ಇದೇ’ ಎಂಬ ಒಂದು ಸಾಲು, ಸಾಧ್ಯವಾದರೆ ಮರಾಠಿಯಲ್ಲೇ ಒಂದು ಪುಟ. ಇದಕ್ಕೆ ಖರ್ಚಿಲ್ಲ, ಏಜೆನ್ಸಿ ಬೇಡ.

ಊರಿನ ಹೆಸರುಗಳ ಗೊಂದಲವೂ ಹೀಗೆಯೇ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಫಲಕ ಬದಲಾಯಿತು, ಜನರ ಬೆರಳು ಬದಲಾಗಲಿಲ್ಲ. ಬೆಳಗಾಂ, ಗುಲ್ಬರ್ಗ ಎಂದು ಹುಡುಕುವವರು ಇನ್ನೂ ಇದ್ದಾರೆ. ಬಿಜಾಪುರ ವಿಜಯಪುರವಾದ ಮೇಲೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರದೊಂದಿಗೆ ಗಂಟುಬಿದ್ದಿದೆ. ಪುಟದಲ್ಲಿ ಹಳೆ ಹೆಸರು, ಹೊಸ ಹೆಸರು, ಜಿಲ್ಲೆ ಮೂರೂ ಸಹಜವಾಗಿ ಬರುವಂತೆ ಅಂಗಡಿ ಇರುವ ಜಾಗದ ವಿಳಾಸ ಬರೆದರೆ ಈ ತೊಡಕು ಬಗೆಹರಿಯುತ್ತದೆ.

ಕನ್ನಡ ಪುಟಗಳಿಗೇ ಅಂಟಿದ ಒಂದು ಹಳೆ ರೋಗವೂ ಇದೆ. ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪಾದ ಕರಪತ್ರವನ್ನು ನಕಲು ಮಾಡಿ ಪುಟಕ್ಕೆ ಅಂಟಿಸಿದರೆ ಅದು ವಿಚಿತ್ರ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಆಗ ಬೇಸತ್ತವರು ಆ ಕರಪತ್ರವನ್ನೇ ಫೋಟೋ ಮಾಡಿ ಹಾಕುತ್ತಾರೆ, ಮತ್ತೆ ಅದೇ ಚಿತ್ರದೊಳಗಿನ ಅಕ್ಷರ. ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳು ಬಿಟ್ಟಿಯಾಗಿಯೇ ಸಿಗುತ್ತವೆ. ಗೂಗಲ್ 2017ರಲ್ಲೇ ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯ ತಂದಿದೆ. ಕನ್ನಡ ಟೈಪು ಮಾಡಲು ಬಾರದವರೂ ಬಾಯಿಂದ ಕೇಳುತ್ತಾರೆ. ಕೇಳಿದ್ದಕ್ಕೆ ಹೊಂದುವ ಕನ್ನಡ ಪುಟ ಇರಬೇಕಲ್ಲ.

ಮ್ಯಾಪಿನ ಲೆಕ್ಕವೇ ಬೇರೆ. ಹತ್ತಿರದ ಅಂಗಡಿಗಳನ್ನು ತೋರಿಸುವಾಗ ಮೂರು ವಿಷಯ ನೋಡುತ್ತೇನೆ ಎಂದು ಗೂಗಲ್ ಬಾಯಿಬಿಟ್ಟೇ ಹೇಳುತ್ತದೆ: ಕೇಳಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರ ಇದೆ, ಎಷ್ಟು ಹೆಸರುವಾಸಿ. ದೂರವನ್ನು ಯಾರೂ ಕಡಿಮೆ ಮಾಡಲಾಗದು. ಅದಕ್ಕೇ ಏನೋ ಹೆಸರಿನ ಜೊತೆ ಆಟ ಶುರುವಾಗಿದೆ, ‘ಶ್ರೀ ಫಲಾನಿ ಸಿಲ್ಕ್ಸ್ ಬೆಸ್ಟ್ ಸ್ಯಾರಿ ಶಾಪ್ ನಿಯರ್ ಬಸ್ ಸ್ಟ್ಯಾಂಡ್ ಲೋ ಪ್ರೈಸ್’ ಎಂದು ಪ್ರೊಫೈಲಿನ ಹೆಸರನ್ನೇ ರೈಲುಬಂಡಿ ಮಾಡುವುದು. ಇದು ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಅಮಾನತಾಗಬಹುದು. ಕೊಂಡು ತಂದ ಐದು ನಕ್ಷತ್ರದ ವಿಮರ್ಶೆಗಳದ್ದೂ ಇದೇ ಗತಿ.

ಈ ಆಟ ಕಲಿಸುವ ದಂಧೆಯ ಬಗ್ಗೆ ನನಗೆ ಮರ್ಯಾದೆ ಕಡಿಮೆ. ‘ಮೂರು ತಿಂಗಳಲ್ಲಿ ಮೊದಲ ಪುಟ ಗ್ಯಾರಂಟಿ’ ಎನ್ನುವವರನ್ನು ನಂಬಬೇಡಿ, ಮೊದಲ ಸ್ಥಾನವನ್ನು ಯಾರೂ ಖಾತರಿ ಕೊಡಲಾರರು ಎಂದು ಗೂಗಲ್ ತಾನೇ ಬರೆದಿದೆ. ಪುಟದ ತಲೆಯಲ್ಲಿ ಅಡಗಿಸಿಡುವ ಕೀವರ್ಡ್ ಪಟ್ಟಿಯನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಅದು 2009ರಲ್ಲಿ ಸ್ಪಷ್ಟಪಡಿಸಿತು. ಅದಕ್ಕೆ ಇವತ್ತೂ ಬಿಲ್ಲು ಹಾಕುವವರಿದ್ದಾರೆ. ಈಗಿನ ಹೊಸ ಸರಕು ಯಂತ್ರದಿಂದ ಹೊಸೆದ ಲೇಖನಗಳು: ‘ಸೀರೆ ಉಡುವ ಹತ್ತು ವಿಧಾನ’, ‘ಸೀರೆಯ ಮಹತ್ವ’. ಬಿಟ್ಟಿ ಸೈಟುಗಳು ಮುಚ್ಚಿದ ಅದೇ 2024ರ ಮಾರ್ಚ್‌ನಲ್ಲಿ ಗೂಗಲ್, ಹುಡುಕಾಟವನ್ನು ಮೋಸಗೊಳಿಸಲು ರಾಶಿ ರಾಶಿ ಸುರಿಯುವ ಇಂಥ ಬರಹವನ್ನು ಸ್ಪ್ಯಾಮ್ ಎಂದು ತನ್ನ ನೀತಿಯಲ್ಲಿ ಸೇರಿಸಿತು.

ಈ ಏಜೆಂಟರು ಹೇಳದ ಒಂದು ವಸ್ತು ನಿಜಕ್ಕೂ ಕೆಲಸದ್ದು: ಗೂಗಲ್‌ನದೇ ಸರ್ಚ್ ಕನ್ಸೋಲ್. ಬಿಟ್ಟಿ. ಜನ ಯಾವ ಪದ ಹಾಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಎಂಬ ಪಟ್ಟಿ ಅದರಲ್ಲಿರುತ್ತದೆ. ಹಲವು ಬಾರಿ ಕಾಣಿಸಿಯೂ ಯಾರೂ ಒತ್ತದ ಪದ ಅಲ್ಲಿ ಸಿಕ್ಕರೆ, ಆ ಪುಟದ ಶೀರ್ಷಿಕೆಯನ್ನು ಮತ್ತೆ ಬರೆಯಬೇಕು ಎಂದರ್ಥ. ತಿಂಗಳಿಗೊಮ್ಮೆ ನೋಡಿದರೂ ಸಾಕು. ಮೊಬೈಲಿನಿಂದ ತೆಗೆದ ಭಾರೀ ಫೋಟೋಗಳನ್ನು ಕಿರಿದು ಮಾಡಿ ಹಾಕುವುದು ಇನ್ನೊಂದು. ಮುಖ್ಯ ಚಿತ್ರ ಎರಡೂವರೆ ಸೆಕೆಂಡಿನೊಳಗೆ ಮೂಡಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಹಳ್ಳಿಯ ಸಿಗ್ನಲ್ಲಿನಲ್ಲಿ ಐದು ಎಂಬಿಯ ಸೆರಗು ಅಷ್ಟರಲ್ಲಿ ಮೂಡುವುದಿಲ್ಲ.

ಇಷ್ಟೆಲ್ಲ ಮಾಡಿದರೆ ಎಲ್ಲರಿಗೂ ಫಲ ಉಂಟೇ? ಬೀದಿ ಮೂಲೆಯ ಇಸ್ತ್ರಿ ಅಂಗಡಿಗೆ ವೆಬ್‌ಸೈಟ್ ಬೇಕಿಲ್ಲ, ಮ್ಯಾಪಿನ ಗುರುತು, ವಾಟ್ಸಾಪ್ ನಂಬರು ಸಾಕು. 2024ರ ಆಗಸ್ಟಿನಿಂದ ಗೂಗಲ್ ಭಾರತದಲ್ಲಿ ಹುಡುಕಾಟದ ತಲೆಯ ಮೇಲೆ ಎಐ ಬರೆದ ಉತ್ತರವನ್ನೂ ಇಡತೊಡಗಿದೆ, ಉತ್ತರ ಅಲ್ಲೇ ಸಿಕ್ಕಿದವರು ಕೆಳಗಿನ ಪುಟಗಳನ್ನು ಒತ್ತುವುದು ಕಡಿಮೆ. ‘ಸೀರೆಯ ಮಹತ್ವ’ದಂಥ ಲೇಖನಗಳಿಗೆ ಇದು ದೊಡ್ಡ ಪೆಟ್ಟು. ಗೋಮಿ ದಡಿಯ ಒಂಬತ್ತು ಗಜದ ಸೀರೆಗೆ ಬೆಲೆ ಬರೆದಿಟ್ಟ ಪುಟಕ್ಕೆ ಅಷ್ಟಾಗಿ ತಗಲದು, ಸೀರೆ ಬೇಕಾದವರು ಒತ್ತಲೇಬೇಕು.

ಆದರೆ ಮಗ್ಗ ಮನೆಯಲ್ಲೇ ಇಟ್ಟುಕೊಂಡು, ಅಂಗಡಿ ಇಲ್ಲದೆ, ಫೋನಿನಲ್ಲಿ ಆರ್ಡರ್ ಹಿಡಿದು ಕೊರಿಯರ್ ಮಾಡುವ ನೇಕಾರನ ಸ್ಥಿತಿ ಬೇರೆ. ಗಿರಾಕಿಯನ್ನು ಎದುರುಬದುರು ಕಾಣದ, ಬರೀ ಆನ್‌ಲೈನ್ ವ್ಯಾಪಾರಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಕೊಡುವುದಿಲ್ಲ. ಅದು ಅದರ ನಿಯಮ. ಬಸ್‌ಸ್ಟ್ಯಾಂಡಿನ ಬಳಿ ಶೋರೂಮ್ ಇಟ್ಟವರು ಮ್ಯಾಪಿನಲ್ಲಿ ಕಾಣುತ್ತಾರೆ, ನೇಯ್ದವರು ಕಾಣುವುದಿಲ್ಲ. ಪುಣೆಯಲ್ಲಿ ಕೂತು ಇರಕಲ್ ಹುಡುಕುವವರಿಗೆ ನೇಕಾರ ನೇರವಾಗಿ ಸಿಗಬೇಕಾದರೆ ಅವನ ಸ್ವಂತ ವಿಳಾಸದ ಆ ಒಂದು ಪುಟವೇ ಸಿಗಬೇಕು. ವೆಬ್‌ಸೈಟಿನ ಅಗತ್ಯ ಎಲ್ಲರಿಗಿಂತ ಹೆಚ್ಚು ಇರುವುದು ಅವನಿಗೆ, ಅದನ್ನು ಮಾರಲು ಬರುವವರು ಬಾಗಿಲು ತಟ್ಟುವುದು ಶೋರೂಮಿನದು.