ಎಲ್ಲರಿಗೂ ಗೊತ್ತಿದ್ದ ಲೆಕ್ಕ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಓದಿದವರು ಸಾಮಾನ್ಯವಾಗಿ ಮಾತಾಡುವುದು ಹಣ ಬಂದು ಕೆಟ್ಟ ಮನೆಯ ಬಗ್ಗೆ. ಡೊಂಬಿವಲಿಯ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಸಂಸಾರ ಮಾಡಿದ ನನಗೆ ಹಿಡಿಸಿದ್ದು ಹಣ ಇಲ್ಲದಾಗಿನ ಮನೆ. ಚಹಾಪುಡಿ ಮಾರುವ ಅಪ್ಪ ಸಂಜೆ ಬಂದು ದಿನದ ಲೆಕ್ಕ ಬರೆಯುತ್ತಾರೆ. ಅದು ತಾಳೆಯಾಗದಿದ್ದರೆ ಇಡೀ ಮನೆಗೇ ಆತಂಕ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೇಳುವುದು ಸುಲಭ. ಹಾಸಿಗೆ ಎಷ್ಟುದ್ದ ಅಂತ ಮನೆಯವರಿಗೆಲ್ಲ ಗೊತ್ತಿರಬೇಕಲ್ಲ! ಈ ಕತೆಯ ಹೆಚ್ಚುಗಾರಿಕೆ ಇರುವುದು ಅಲ್ಲಿ. ಚಿಕ್ಕಪ್ಪನ ಸೋನಾ ಮಸಾಲಾ ಕುದುರಿದ ಮೇಲೆ ಲೆಕ್ಕ ಒಬ್ಬನ ಪಾಲಾಗುತ್ತದೆ, ಉಳಿದವರು ಬರೀ ಖರ್ಚಿನವರು.

ನನ್ನ ತಕರಾರು ಒಂದೇ. ಅಭಾವದ ದಿನಗಳನ್ನು ನಿರೂಪಕ ನೆನೆಯುವುದು ಹೊಟ್ಟೆ ತುಂಬಿದ ಮೇಲೆ. ಹಾಗಾಗಿ ಅವಕ್ಕೆ ತುಸು ಸಿಹಿ ಹತ್ತಿದೆ. ನಮ್ಮ ತಿಂಗಳ ಕೊನೆಯ ವಾರಕ್ಕೆ ಆ ಸಿಹಿ ಇರಲಿಲ್ಲ.

ಆದರೂ ಪುಸ್ತಕ ಮುಚ್ಚಿದಾಗ ಚುಚ್ಚಿದ್ದು ನನ್ನದೇ ತಪ್ಪು. ಬಾಡಿಗೆ, ಲೋಕಲ್ ಪಾಸು, ಊರಿಗೆ ಕಳಿಸಿದ ಮನಿಯಾರ್ಡರು ಎಲ್ಲ ಬರೆದ ಡೈರಿಯನ್ನು ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಿದ್ದೆ. ಹೆಂಡತಿ ಕೇಳಿದರೆ ‘ನಿನಗ್ಯಾಕೆ?’ ಅನ್ನುತ್ತಿದ್ದೆ. ಬೊಂಬಾಯಿಯಲ್ಲಿ ದುಡ್ಡಿಗೇನು ಕಮ್ಮಿ ಅಂತ ಊರವರು ಅಂದುಕೊಂಡಿದ್ದರು. ಮನೆಯೊಳಗೂ ಹಾಗೇ ಅಂದುಕೊಳ್ಳುವಂತೆ ಮಾಡಿದವನು ನಾನೇ.