ಎಂಟೋ, ಹದಿನಾರೋ? : ಬಸವಣ್ಣನವರ ಗೃಹತ್ಯಾಗದ ಎರಡು ನಿರೂಪಣೆಗಳು

ಹೈದರಾಬಾದಿನ ಕೋಠಿಗೆ ಆ ಹೆಸರು ಬಂದದ್ದು ಬ್ರಿಟಿಷ್ ರೆಸಿಡೆಂಟನ ಭವನದಿಂದ. 1949ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಆ ಭವನಕ್ಕೆ ಬಂದಿತು. 2022ರಲ್ಲಿ ಆ ಕಾಲೇಜೇ ಮಹಿಳಾ ವಿಶ್ವವಿದ್ಯಾಲಯವಾಯಿತು. ಅದರ ಆಸುಪಾಸಿನ ಬೀದಿಗಳಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳಿವೆ. ಪರೀಕ್ಷೆಯ ಕೈಪಿಡಿಗಳನ್ನು ಹುಡುಕುತ್ತ ಅಲ್ಲಿಗೆ ಬರುವ ತರುಣ ತರುಣಿಯರಲ್ಲಿ ಕಲಬುರಗಿ, ಬೀದರ, ರಾಯಚೂರು ಕಡೆಯ ಮನೆತನಗಳವರೂ ಇದ್ದಾರೆ. 1956ರವರೆಗೆ ಈ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿಯಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಕೋಠಿಯಲ್ಲಿ ನಾವು ನಡೆಸುತ್ತಿದ್ದ ಓದಿನ ಕೂಟವೊಂದರಲ್ಲಿ ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ತೆಲುಗನ್ನೂ ಕಲಿತಿದ್ದ ವಿದ್ಯಾರ್ಥಿನಿಯೊಬ್ಬಳಿದ್ದಳು. ಪಾಲ್ಕುರಿಕೆ ಸೋಮನಾಥನ ‘ಬಸವಪುರಾಣಮು’ವನ್ನು ಆಕೆ ಮೂಲದಲ್ಲೇ ಓದಿದ್ದಳು. ನಾವು ಹರಿಹರನ ‘ಬಸವರಾಜದೇವರ ರಗಳೆ’ಯನ್ನು ವಿವರಿಸುತ್ತಿದ್ದಾಗ ಆಕೆ ಕೇಳಿದ ಪ್ರಶ್ನೆ ಇದು: “ಸರ್, ಎಂಟು ವರ್ಷಕ್ಕೆ ಮನೆ ಬಿಟ್ಟವರಿಗೆ ತಾವು ಯಾರೆಂದು ಗೊತ್ತಿತ್ತು. ಹದಿನಾರಕ್ಕೆ ಬಿಟ್ಟವರು ನಡುವಿನ ಎಂಟು ವರ್ಷ ಏನು ಮಾಡುತ್ತಿದ್ದರು?” ಇದು ಪರಂಪರಾಭೇದವೆಂದು ಹೇಳಿ ನಾವು ಮುಂದಕ್ಕೆ ಹೋದೆವು. ಆ ಉತ್ತರ ಸಾಲದೆಂಬುದು ಈಗ ನಮ್ಮ ಅಭಿಪ್ರಾಯ. ಎರಡು ಕಾವ್ಯಗಳೂ ತಾರುಣ್ಯವನ್ನು ಎರಡು ಬಗೆಯಲ್ಲಿ ಕಂಡಿವೆಯೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಾವ್ಯದ ಪಾತ್ರವಾಗಿ ಬಂದೆಡೆಯಲ್ಲಿ ‘ಬಸವ’ ಎಂದೇ ಕರೆದಿದ್ದೇವೆ.

ಮೊದಲು ಕಥಾಭಾಗವನ್ನು ಗಮನಿಸೋಣ. 13ನೆಯ ಶತಮಾನದ ಸೋಮನಾಥನ ದ್ವಿಪದಿ ಕಾವ್ಯದಲ್ಲಿ ಬಸವ ನಂದಿಕೇಶ್ವರನ ಅವತಾರ. ಎಂಟನೆಯ ವರ್ಷದಲ್ಲಿ ತಂದೆ ಉಪನಯನಕ್ಕೆ ಅಣಿಮಾಡಿದಾಗ ಬಾಲಕನು ಅದನ್ನು ನಿರಾಕರಿಸಿ, ಶಿವಭಕ್ತನಿಗೆ ಕರ್ಮದ ಹಂಗಿಲ್ಲವೆಂದು ವಾದಿಸಿ ಮನೆಯಿಂದ ಹೊರಡುತ್ತಾನೆ. ದಂಡನಾಯಕ ಬಲದೇವನ ಮಗಳನ್ನು ವರಿಸುತ್ತಾನೆ. ಬಲದೇವನ ಮರಣಾನಂತರ ಬಿಜ್ಜಳನೇ ಕರೆಸಿ ಅಧಿಕಾರ ಕೊಡುತ್ತಾನೆ. ಇಲ್ಲಿ ಬಾಲಕನ ಅರಿವು ಪೂರ್ಣ. ಕಾಲ ಅದಕ್ಕೆ ಏನನ್ನೂ ಕೂಡಿಸುವುದಿಲ್ಲ. 1369ರಲ್ಲಿ ಭೀಮಕವಿ ಈ ಕಾವ್ಯವನ್ನು ಭಾಮಿನಿ ಷಟ್ಪದಿಯಲ್ಲಿ ಕನ್ನಡಿಸಿದ ಮೇಲೆ ಈ ಬಾಲಕನೇ ಕನ್ನಡ ನಾಡಿನ ಜನಮನದಲ್ಲಿ ನೆಲೆಗೊಂಡನು.

ಹರಿಹರನ ಬಸವ ಬೇರೆ. ಆತನಿಗೆ ಉಪನಯನವಾಗುತ್ತದೆ. ತಂದೆತಾಯಿಗಳು ತೀರಿಕೊಂಡ ಮೇಲೆ ಮುತ್ತಜ್ಜಿಯ ಆಶ್ರಯದಲ್ಲಿ ಬೆಳೆಯುತ್ತಾನೆ. ಹದಿನಾರರ ಹೊತ್ತಿಗೆ ಜನಿವಾರವನ್ನು ಕಿತ್ತೆಸೆದು, ಬಾಗೆವಾಡಿಯನ್ನು ತೊರೆದು, ಕಪ್ಪಡಿಸಂಗಮಕ್ಕೆ, ಅಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮಕ್ಕೆ, ಹೋಗುತ್ತಾನೆ. ನಿರಾಕರಿಸುವ ಮೊದಲು ಆತ ಅದನ್ನು ಧರಿಸಿ ಬಾಳಿದ್ದಾನೆ. ತನಗೊಗ್ಗದ ಗುರುತನ್ನು ಮೈಮೇಲೆ ಹೊತ್ತು ನಡೆದ ವರ್ಷಗಳು ಈತನ ಬಾಳಿನಲ್ಲಿವೆ. ಹರಿಹರ ಆ ವರ್ಷಗಳನ್ನು ವಿಸ್ತರಿಸಿ ಬಣ್ಣಿಸಿಲ್ಲ, ಆದರೆ ಅಳಿಸಿಯೂ ಇಲ್ಲ. ವಿದ್ಯಾರ್ಥಿನಿಯ ಪ್ರಶ್ನೆಗೆ ನಾವು ಕೊಡಬೇಕಾಗಿದ್ದ ಉತ್ತರದ ಮೊದಲ ಭಾಗ ಇದೇ. ಶೈವಪರಂಪರೆಯಲ್ಲಿ ಹದಿನಾರು ಮಾರ್ಕಂಡೇಯನ ವಯಸ್ಸೂ ಹೌದು. ಆಯುಷ್ಯ ಮುಗಿಯಬೇಕಾದ ಗಳಿಗೆಯಲ್ಲೇ ಆಶ್ರಯ ದೊರೆಯುವ ಆ ಕಥೆಯ ನೆರಳು ಇಲ್ಲಿ ಬಿದ್ದಿದೆಯೆಂದು ಊಹಿಸುವುದು ಅಸಂಗತವಾಗಲಾರದು.

ಮನೆ ಬಿಟ್ಟಮಾತ್ರಕ್ಕೆ ದಾರಿ ದೊರೆಯುವುದಿಲ್ಲವೆಂಬುದು ಈ ರಗಳೆಯ ಮುಂದಿನ ಹೆಜ್ಜೆ. ಸಂಗಮದಲ್ಲಿ ಬಸವನಿಗೆ ಪೂಜೆಯ ಸುಖ ಲಭಿಸಿದೆ. ಅಲ್ಲಿಯೇ ಉಳಿಯಬೇಕೆಂಬುದು ಆತನ ಹಂಬಲ. ಆದರೆ ಸಂಗಮನಾಥ ಕನಸಿನಲ್ಲಿ ಬಂದು ಬಿಜ್ಜಳನ ಮಂಗಳವಾಡಕ್ಕೆ ಹೋಗೆಂದು ಆಜ್ಞಾಪಿಸುತ್ತಾನೆ. ಬಸವ ಹಿಗ್ಗುವುದಿಲ್ಲ, ದೇವರೇ ತನ್ನನ್ನು ಕೈಬಿಟ್ಟನೆಂದು ಪರಿತಪಿಸುತ್ತಾನೆ. ತಾನಾಗಿ ಆರಿಸಿಕೊಂಡ ನೆಲೆಯನ್ನೂ ಬಿಡಬೇಕಾಗಿ ಬಂದ ತರುಣನ ಸಂಕಟ ಇದು. ಎಂಟರ ಬಾಲಕನ ಕಥೆಯಲ್ಲಿ ಇದಕ್ಕೆ ಎಡೆಯಿಲ್ಲ.

ಮಂಗಳವಾಡ ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಅಲ್ಲಿ ಬಸವ ನೇರವಾಗಿ ಮಂತ್ರಿಯಾಗುವುದಿಲ್ಲ. ಕರಣಿಕರು ಕುಳಿತು ಲೆಕ್ಕ ಬರೆಯುವೆಡೆಗೆ ಹೋಗಿ, ಅವರ ಲೆಕ್ಕದಲ್ಲಿದ್ದ ತಪ್ಪನ್ನು ತೋರಿಸುತ್ತಾನೆ. ಆ ಮೂಲಕ ಉದ್ಯೋಗ ದೊರೆಯುತ್ತದೆ. ವಿಮರ್ಶಕರು ಸಾಮಾನ್ಯವಾಗಿ ದಾಟಿಹೋಗುವ ಈ ಪ್ರಸಂಗ ನಮಗೆ ಮುಖ್ಯವೆನಿಸುತ್ತದೆ. ಕಾವ್ಯದ ಆರಂಭದಲ್ಲಿ, ಕೈಲಾಸದಲ್ಲಿ, ವೃಷಭಮುಖನೆಂಬ ಗಣನು ಶಿವನಿತ್ತ ಪ್ರಸಾದವನ್ನು ಹಂಚುವಾಗ ಷಣ್ಮುಖನನ್ನು ಬಿಟ್ಟು, ಎಲ್ಲರಿಗೂ ಕೊಟ್ಟೆನೆಂದು ಹೇಳುತ್ತಾನೆ. ಆ ತಪ್ಪಿನ ಫಲವೇ ಬಸವನ ಭೂಜನ್ಮ. ಹಂಚಿಕೆಯಲ್ಲಿ ತಪ್ಪಿದವನು ಲೆಕ್ಕದ ತಪ್ಪನ್ನು ಕಂಡುಹಿಡಿಯುವವನಾಗಿ ಬೆಳೆಯುವುದು ಆಕಸ್ಮಿಕವಲ್ಲ. ಹರಿಹರನೂ ಮೊದಲು ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದು ಅನಂತರ ಹಂಪೆಗೆ ಹೋದನೆಂದು ಸಂಪ್ರದಾಯ ಹೇಳುತ್ತದೆ. ಹೊಟ್ಟೆಪಾಡಿನ ಕಾಯಕವನ್ನು ಆತ್ಮಾನ್ವೇಷಣೆಯ ಹೊರಗಿಡದ ಕವಿದೃಷ್ಟಿಗೆ ಇದೂ ಒಂದು ಹಿನ್ನೆಲೆಯಾಗಿರಬಹುದು.

ಹರಿಹರನ ಬಸವನೂ ಶಾಪಗ್ರಸ್ತ ಗಣನೇ ಅಲ್ಲವೇ, ಆತನದೂ ಪೂರ್ವನಿಶ್ಚಿತ ಬಾಳಲ್ಲವೇ ಎಂಬ ಆಕ್ಷೇಪ ಬರಬಹುದು. ಅದು ಸರಿಯೇ. ಆದರೆ ಆ ಪೂರ್ವಕಥೆ ಓದುಗನಿಗೆ ತಿಳಿದಿರುವಂತೆ, ಸಂಗಮದಲ್ಲಿ ಕಣ್ಣೀರಿಡುವ ಬಸವನ ನೆರವಿಗೆ ಬರುವುದಿಲ್ಲ. ಕಾವ್ಯದ ತರುಣ ತನ್ನ ಮುಂದಿನದನ್ನು ಅರಿಯದವನಂತೆಯೇ ನಡೆಯುತ್ತಾನೆ.

ಈ ವಿಚಾರ ಒಂದೇ ಕೃತಿಗೆ ಸೀಮಿತವಲ್ಲ. ಹರಿಹರನ ಮಹಾದೇವಿಯಕ್ಕ ಷರತ್ತುಗಳನ್ನು ಮುಂದಿಟ್ಟು ಕೌಶಿಕನನ್ನು ವರಿಸುತ್ತಾಳೆ. ಷರತ್ತುಗಳು ಮುರಿದ ಮೇಲೆ ಹೊರಡುತ್ತಾಳೆ. 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಆ ಮದುವೆಯೇ ನಡೆಯುವುದಿಲ್ಲ. ಭೀಮಕವಿ ಹಿಡಿದ ದಾರಿಯಂತೆಯೇ ಇಲ್ಲಿಯೂ ನಡುಗಾಲದ ಇಬ್ಬಂದಿತನವನ್ನು ಕಳೆದು, ನಾಯಕಿಯನ್ನು ಮೊದಲಿನಿಂದಲೇ ನಿಷ್ಕಳಂಕಳನ್ನಾಗಿಸಲಾಗಿದೆ. ಭಕ್ತಿಯ ದೃಷ್ಟಿಯಿಂದ ಇದು ಗೌರವವೇ. ಆದರೆ ಇದರಿಂದ ಬಾಳಿನ ಒಂದು ಘಟ್ಟ ಕಾವ್ಯದಿಂದ ಮರೆಯಾಯಿತು.

ಸೋಮನಾಥನ ಕಾವ್ಯ ಕಿರಿದೆಂಬುದು ನಮ್ಮ ವಾದವಲ್ಲ. ಎಂಟರ ಬಾಲಕನ ಧೀರ ನಿರಾಕರಣೆ ಒಂದು ಸಮುದಾಯಕ್ಕೆ ಬೆನ್ನೆಲುಬಾಯಿತು. ಆದರೆ ನಾವು ತರಗತಿಯಲ್ಲಿ ಎರಡು ಕಥೆಗಳನ್ನೂ ಬೆರೆಸಿ ಹೇಳುತ್ತ ಬಂದಿದ್ದೇವೆ. ಬೆರೆಸಿದಾಗಲೆಲ್ಲ ಉಳಿದದ್ದು ಎಂಟೇ. ತನ್ನದು ಯಾವ ಭಾಷೆ, ಯಾವ ಉದ್ಯೋಗ, ಯಾರ ಆಯ್ಕೆ ಎಂದು ತೀರ್ಮಾನವಾಗದ ಇಪ್ಪತ್ತರ ವಯಸ್ಸಿನವರಿಗೆ, ಮಹಾತ್ಮರಿಗೆ ಹುಟ್ಟಿನಿಂದಲೇ ಎಲ್ಲವೂ ಗೊತ್ತಿತ್ತೆಂದು ಹೇಳಿದರೆ ಅವರ ಅನಿಶ್ಚಯವು ಅಯೋಗ್ಯತೆಯಂತೆ ಕಾಣುತ್ತದೆ. ಹರಿಹರನ ಪಠ್ಯ ಹಾಗೆ ಹೇಳುವುದಿಲ್ಲ.

‘ಬಸವಪುರಾಣಮು’ 1990ರಿಂದ ವೆಲ್ಚೇರು ನಾರಾಯಣರಾವ್ ಅವರ ಇಂಗ್ಲಿಷ್ ಅನುವಾದದಲ್ಲಿಯೂ ದೊರೆಯುತ್ತದೆ. ಕರ್ನಾಟಕದ ಹೊರಗಿನ ಸಂಶೋಧಕರು ಅದರ ಪಕ್ಕದಲ್ಲಿ ಹರಿಹರನ ರಗಳೆಯನ್ನಿಟ್ಟು ಓದಬೇಕೆಂಬುದು ನಮ್ಮ ವಿನಂತಿ. ಕೋಠಿಯ ಆ ವಿದ್ಯಾರ್ಥಿನಿ ಎರಡನ್ನೂ ಒಟ್ಟಿಗೆ ಓದಬಲ್ಲವಳಾಗಿದ್ದಳು. ಆದ್ದರಿಂದಲೇ ನಮಗೆ ಹೊಳೆಯದಿದ್ದ ಪ್ರಶ್ನೆ ಆಕೆಗೆ ಹೊಳೆಯಿತು.